ಗಾಡಿ ಮಾತು: ಗ್ಯಾರೇಜಿಗೆ ಬಂದ ಕೂಡಲೇ ಸುಮ್ಮನಾಗುವ ಸದ್ದು

ಪ್ರಶ್ನೆ: ನನ್ನದು 2014ರ 125 ಸಿಸಿ ಬೈಕು. ಮೀಟರು 68,000 ದಾಟಿದೆ. ವಾರವಿಡೀ ಮನೆಯಿಂದ ಶಾಲೆಗೆ ಮೂರು ಕಿಲೋಮೀಟರು, ವಾಪಸ್ ಮೂರು. ಶನಿವಾರ ಮಾತ್ರ ಶಾಲೆ ಬಿಟ್ಟ ಮೇಲೆ ಮನೆಯವರನ್ನು ಕೂರಿಸಿಕೊಂಡು ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಹೋಗುತ್ತೇನೆ, ಅದು ಅವರ ತವರು. ನಾಲ್ಕು ತಿಂಗಳಿಂದ ಇಂಜಿನ್ನಿನಲ್ಲಿ ಒಂದು ಸದ್ದು. ಒಮ್ಮೆ ಬರುತ್ತದೆ, ಒಮ್ಮೆ ಇಲ್ಲ. ಗ್ಯಾರೇಜಿಗೆ ಒಯ್ದರಂತೂ ಬರುವುದೇ ಇಲ್ಲ. ಒಬ್ಬರು ಟ್ಯಾಪೆಟ್ ಅಂದರು, ಸೆಟ್ ಮಾಡಿದರು. ಇನ್ನೊಬ್ಬರು ಟೈಮಿಂಗ್ ಚೈನು ಅಂದರು, ಬದಲಾಯಿಸಿದರು. ಮೂರನೆಯವರು ಸಿಲಿಂಡರ್ ಕೊರೆಸಿ ಬೋರ್ ಮಾಡಿಸಿ ಹೊಸ ಪಿಸ್ಟನ್ ಹಾಕಬೇಕು ಅನ್ನುತ್ತಿದ್ದಾರೆ. ಹಣ ಹೋದದ್ದು ಹೋಯಿತು, ಸದ್ದು ಹೋಗಲಿಲ್ಲ. ಇಂಜಿನ್ ಬಿಚ್ಚಿಸಲೋ ಬೇಡವೋ?
– ಪ್ರಾಥಮಿಕ ಶಾಲೆಯ ಶಿಕ್ಷಕರು, ಕುಮಟಾ ತಾಲ್ಲೂಕು

ಉತ್ತರ: ಮಾಸ್ತರೇ, ಸದ್ದು ಬರುತ್ತದೆ ಅಂತ ಬರೆದಿರಿ. ಯಾವಾಗ ಬರುವುದಿಲ್ಲ ಅಂತ ಬರೆಯಲಿಲ್ಲ. ನನಗೆ ಬೇಕಾಗಿದ್ದು ಅದು. ಹಾಗಾಗಿ ಉತ್ತರ ಬರೆಯುವ ಮೊದಲು ನಿಮಗೆ ಫೋನ್ ಮಾಡಿದೆ. ಆಮೇಲೆ ಒಂದು ತಿಂಗಳು ಏನೇನಾಯಿತು ಅಂತ ನಿಮಗೆ ಗೊತ್ತೇ ಇದೆ. ಉಳಿದ ಓದುಗರಿಗಾಗಿ ಪೂರ್ತಿ ಬರೆಯುತ್ತಿದ್ದೇನೆ. ಇಂಥ ಪತ್ರ ಈ ಮಳೆಗಾಲದಲ್ಲೇ ಐದಾರು ಬಂದಿವೆ.

ಮೊದಲಿಗೆ ಆ ಮೂವರ ಪರವಾಗಿ ಒಂದು ಮಾತು. ಅವರು ಮೋಸ ಮಾಡಿದ್ದಾರೆ ಅಂತ ನನಗೆ ಅನ್ನಿಸುವುದಿಲ್ಲ. ಗಿರಾಕಿ ಬಂದು "ಸದ್ದು ಬರ್ತದೆ" ಅನ್ನುತ್ತಾರೆ. ನಾವು ಮೆಕ್ಯಾನಿಕ್‌ಗಳು ಸ್ಟಾರ್ಟ್ ಮಾಡಿ ಕಿವಿಗೊಡುತ್ತೇವೆ. 68,000 ಓಡಿದ ಇಂಜಿನ್ನಿನಲ್ಲಿ ಏನಾದರೊಂದು ಸದ್ದು ಇದ್ದೇ ಇರುತ್ತದೆ. ವಾಲ್ವನ್ನು ಒತ್ತಿ ತೆರೆಯುವ ಟ್ಯಾಪೆಟ್ ಸ್ವಲ್ಪ ಟಿಕ್ ಟಿಕ್ ಅನ್ನುತ್ತದೆ, ಇಂಜಿನ್ನಿನೊಳಗಿನ ಟೈಮಿಂಗ್ ಚೈನು ಸ್ವಲ್ಪ ಚರ ಚರ ಅನ್ನುತ್ತದೆ. ಕೇಳಿಸಿದ್ದಕ್ಕೆ ಮದ್ದು ಮಾಡುತ್ತೇವೆ. ಗಿರಾಕಿ ಹೇಳಿದ ಸದ್ದು ಅದೇ ಹೌದೋ ಅಲ್ಲವೋ ಅಂತ ಯಾರೂ ಕೇಳುವುದಿಲ್ಲ.

ನಾನೂ ಕೇಳದೆ ಕೆಟ್ಟಿದ್ದೇನೆ. ಹದಿನೈದು ವರ್ಷ ಆಗಿರಬೇಕು. ಶಿರಸಿಯ ಹೊರಗಿನ ಒಂದು ಹಳ್ಳಿಯಿಂದ ಡೇರಿಗೆ ಹಾಲು ಹಾಕುವವರೊಬ್ಬರು ಬೈಕು ತಂದರು. ಸ್ಟಾರ್ಟ್ ಮಾಡಿದೆ, ಚರ ಚರ ಕೇಳಿತು. ಟೈಮಿಂಗ್ ಚೈನು, ಅದನ್ನು ಬಿಗಿಯಾಗಿಡುವ ಟೆನ್ಶನರ್ ಎರಡೂ ಹೊಸತು ಹಾಕಿದೆ. ಗಾಡಿ ಬೆಣ್ಣೆಯ ಹಾಗೆ ಆಯಿತು. ಮೂರನೇ ದಿನ ಮತ್ತೆ ಬಂದರು. "ನಿಮ್ಮ ಸದ್ದು ಹೋಯ್ತು ಮಾರಾಯ್ರೇ, ನಂದು ಹಾಗೇ ಉಂಟು" ಅಂದರು. ಅವರ ಸದ್ದು ಎರಡೂ ಬದಿ ಹಾಲಿನ ಕ್ಯಾನು ತುಂಬಿದಾಗ ಮಾತ್ರ ಬರುತ್ತಿತ್ತು. ಕ್ಯಾನು ಖಾಲಿಯಾಗಿ ವಾಪಸ್ ಬರುವಾಗ ಇಲ್ಲ. ನೋಡಿದರೆ ಇಂಜಿನ್ನನ್ನು ಫ್ರೇಮಿಗೆ ಹಿಡಿದಿಡುವ ಮುಂದಿನ ಫೌಂಡೇಶನ್ ಬೋಲ್ಟಿನ ನಟ್ಟು ಸಡಿಲವಾಗಿತ್ತು. ಭಾರ ಬಿದ್ದಾಗ ಇಂಜಿನ್ನೇ ಕೂದಲೆಳೆಯಷ್ಟು ಅಲುಗಿ ಫ್ರೇಮಿಗೆ ಕುಟ್ಟುತ್ತಿತ್ತು. ಎರಡು ನಿಮಿಷದ ಕೆಲಸ. ಮಜೂರಿ ವಾಪಸ್ ಕೊಟ್ಟೆ, ಚೈನಿನ ದುಡ್ಡು ಕೊಡಲಾಗಲಿಲ್ಲ. ಅವರು ಕೇಳಲೂ ಇಲ್ಲ. ಕೇಳಿದ್ದರೆ ಒಳ್ಳೆಯದಿತ್ತು, ಈಗಲೂ ಎದುರು ಸಿಕ್ಕಿದರೆ ನನಗೆ ಮುಜುಗರ.

ಅಂದಿನಿಂದ ಬಂದು ಹೋಗುವ ಸದ್ದಿಗೆ ನನ್ನದು ಒಂದೇ ನಿಯಮ. ಅದನ್ನು ಬೇಕೆಂದಾಗ ಬರಿಸುವುದು ಹೇಗೆ ಅಂತ ಗೊತ್ತಾಗುವವರೆಗೆ ಸ್ಪ್ಯಾನರ್ ಮುಟ್ಟುವುದಿಲ್ಲ. ಬರಿಸಲು ಬಂದರೆ ನಿಲ್ಲಿಸಲೂ ಬರುತ್ತದೆ. ಅರ್ಧ ರೋಗ ಅಲ್ಲೇ ಗೊತ್ತಾಗುತ್ತದೆ.

ಮಾಸ್ತರಿಗೆ ಒಂದು ಪುಟ್ಟ ಪುಸ್ತಕ ಇಡಲು ಹೇಳಿದೆ. ಪ್ರತಿ ಸವಾರಿಗೂ ಬರೆಯಬೇಕು: ಇಂಜಿನ್ ತಣ್ಣಗಿತ್ತೋ ಬಿಸಿಯೋ, ಯಾವ ಗೇರು, ಎಷ್ಟು ವೇಗ, ಹಿಂದೆ ಯಾರಿದ್ದರು, ಏರೋ ಇಳಿಜಾರೋ. ಸದ್ದು ಬರದ ದಿನವೂ ಬರೆಯಬೇಕು. ಇದನ್ನೇ ಜನ ಬಿಡುವುದು. ಸದ್ದು ಬಂದರೆ ನಿಲ್ಲಿಸಿ ಇಳಿಯುವುದಲ್ಲ, ಎರಡು ಸಣ್ಣ ಕೆಲಸ ಮಾಡಬೇಕು. ಒಂದು, ಕ್ಲಚ್ ಹಿಡಿದು ಒಂದು ಕ್ಷಣ ಹಾಗೇ ಉರುಳಲು ಬಿಡಿ. ಸದ್ದು ಮುಂದುವರಿದರೆ ಅದು ಇಂಜಿನ್ನು ಎಳೆಯುವುದಕ್ಕೆ ಸಂಬಂಧಿಸಿದ್ದಲ್ಲ. ಚಕ್ರ, ಬೇರಿಂಗು, ಬ್ರೇಕು ಕಡೆ ನೋಡಬೇಕು. ನಿಂತರೆ ಇಂಜಿನ್ನು ಇಲ್ಲವೇ ಹಿಂದಿನ ಚೈನು.

ಎರಡನೆಯದು, ಅದೇ ವೇಗದಲ್ಲಿ ಬೇರೆ ಗೇರಿಗೆ ಹೋಗಿ. ಒಂದೇ ವೇಗದಲ್ಲಿ ಗೇರು ಇಳಿಸಿದರೆ ಇಂಜಿನ್ನು ಜಾಸ್ತಿ ತಿರುಗುತ್ತದೆ, ಚಕ್ರ ಮತ್ತು ಹಿಂದಿನ ಚೈನು ಅಷ್ಟೇ ತಿರುಗುತ್ತವೆ. ಸದ್ದಿನ ತಾಳ ಬದಲಾದರೆ ಇಂಜಿನ್ನಿನದು. ಬದಲಾಗದಿದ್ದರೆ ಚೈನಿನದೋ ಚಕ್ರದ್ದೋ. ಇದಕ್ಕೆ ಯಾವ ಯಂತ್ರವೂ ಬೇಡ. ಯಕ್ಷಗಾನಕ್ಕೆ ಹೋಗುವವರಿಗೆ ಇದನ್ನು ವಿವರಿಸುವುದು ಸುಲಭ. ಕಣ್ಣು ಮುಚ್ಚಿ ಕೂತರೂ ಚಂಡೆ ಯಾವುದು, ಮದ್ದಳೆ ಯಾವುದು ಅಂತ ಗೊತ್ತಾಗುತ್ತದೆ ಅಲ್ವಾ? ಇಂಜಿನ್ನಿನಲ್ಲೂ ಹಾಗೇ. ಇಂಜಿನ್ನಿನ ಮೇಲ್ಭಾಗದ, ಅಂದರೆ ಹೆಡ್ಡಿನ ಸದ್ದು ಚಂಡೆಯ ಹಾಗೆ ತೆಳ್ಳಗೆ, ಚುರುಕಾಗಿ ಕೇಳುತ್ತದೆ. ಕೆಳಗೆ ಪಿಸ್ಟನ್ ತಿರುಗಿಸುವ ಕ್ರ್ಯಾಂಕಿನ ಸದ್ದು ಮದ್ದಳೆಯ ಹಾಗೆ ಹೊಟ್ಟೆಯೊಳಗಿಂದ ಬರುತ್ತದೆ. ನಾಲ್ಕು ಸ್ಟ್ರೋಕಿನ ಇಂಜಿನ್ನಿನಲ್ಲಿ ಕ್ರ್ಯಾಂಕು ಎರಡು ಸುತ್ತು ತಿರುಗಿದಾಗ ವಾಲ್ವು ತೆರೆಸುವ ಕ್ಯಾಮ್ ಒಂದು ಸುತ್ತು. ಅಂದರೆ ಗಾಡಿ ನಿಂತಲ್ಲೇ ಇಂಜಿನ್ನು ನಿಮಿಷಕ್ಕೆ 1400 ಸುತ್ತು (ಆರ್‌ಪಿಎಂ) ತಿರುಗುವ ಐಡ್ಲಿಂಗಿನಲ್ಲಿ ಒಂದು ವಾಲ್ವಿನ ಟ್ಯಾಪೆಟ್ ನಿಮಿಷಕ್ಕೆ 700 ಸಲ ಬಡಿಯುತ್ತದೆ. ಎಣಿಸಲು ಆಗದು, ಆದರೆ ಇಂಜಿನ್ನಿನ ಓಟಕ್ಕಿಂತ ನಿಧಾನದ ತಾಳ ಅಂತ ಕಿವಿಗೆ ಹತ್ತುತ್ತದೆ.

ಮಾಸ್ತರು ಪುಸ್ತಕ ಇಟ್ಟರು ನೋಡಿ, ಹಾಜರಿ ಪುಸ್ತಕದ ಹಾಗೆ. ಗೆರೆ ಹೊಡೆದು, ಕೆಂಪು ಶಾಯಿಯಲ್ಲಿ ದಿನ ಬರೆದು. ಅದರಲ್ಲಿ ಕೆಲವು ಸಾಲು ಅವರ ಒಪ್ಪಿಗೆ ಪಡೆದು ಇಲ್ಲಿ ಹಾಕುತ್ತಿದ್ದೇನೆ.

"ಬುಧವಾರ ಬೆಳಿಗ್ಗೆ, ಶಾಲೆಗೆ, ಒಬ್ಬನೇ. ಸದ್ದು ಇಲ್ಲ."

"ಶನಿವಾರ ಮಧ್ಯಾಹ್ನ, ಸುಡು ಬಿಸಿಲು. ಇಬ್ಬರು, ತೆಂಗಿನಕಾಯಿ ಚೀಲ. ಕತಗಾಲದವರೆಗೆ ಇಲ್ಲ. ಘಟ್ಟದಲ್ಲಿ ನಾಲ್ಕನೇ ಗೇರು, 35ರ ವೇಗ. ಸದ್ದು ಬಂತು. ಕ್ಲಚ್ ಹಿಡಿದೆ, ನಿಂತಿತು. ಬಿಟ್ಟೆ, ಮತ್ತೆ ಬಂತು."

"ಭಾನುವಾರ ಸಂಜೆ, ಇಳಿಯುವಾಗ. ಇಲ್ಲ."

"ಶನಿವಾರ, ಜೋರು ಮಳೆ. ಇಬ್ಬರು. ಘಟ್ಟದಲ್ಲಿ ಸದ್ದು ಇಲ್ಲ. ಮನೆಯವಳು ಇದೆ ಎನ್ನುತ್ತಾಳೆ. ಅವಳಿಗೆ ಭ್ರಮೆ ಇರಬೇಕು."

ಕೊನೆಯ ಸಾಲು ಓದಿ ನಾನು ಪುಸ್ತಕ ಕೆಳಗಿಟ್ಟು ನಕ್ಕೆ. ಇಡೀ ಪುಸ್ತಕದಲ್ಲಿ ಬೆಲೆಬಾಳುವ ಸಾಲು ಅದು. ಸಂಗತಿ ಹೇಳುತ್ತೇನೆ.

ಮೊದಲು ಮಾಸ್ತರ ಸದ್ದು ನೋಡೋಣ. ಬಿಸಿ ಇಂಜಿನ್ನು, ಭಾರ, ಏರು, ದೊಡ್ಡ ಗೇರು, ಕಡಿಮೆ ವೇಗ. ಕ್ಲಚ್ ಹಿಡಿದರೆ ಮಾಯ. ಇಳಿಜಾರಿನಲ್ಲಿ ಇಲ್ಲ. ಇಷ್ಟಾದ ಮೇಲೆ ನನಗೆ ಒಂದು ಅನುಮಾನ ಹುಟ್ಟಿತು. ಆದರೂ ಕಿವಿಯಿಂದ ಕೇಳದೆ ಹೇಳಬಾರದು. ಒಂದು ಭಾನುವಾರ ಬಸ್ಸು ಹಿಡಿದು ಕುಮಟಾಕ್ಕೆ ಇಳಿದೆ. ಅವರ ಮನೆಯವರು ಬರುವುದು ಬೇಡ, ನಾನೇ ಹಿಂದೆ ಕೂರುತ್ತೇನೆ ಅಂದೆ. ನನ್ನ ತೂಕಕ್ಕೆ ತೆಂಗಿನಕಾಯಿ ಚೀಲವೂ ಬೇಕಾಗಲಿಲ್ಲ.

ಘಟ್ಟದಲ್ಲಿ ಎರಡು ತಿರುವು ದಾಟಿದ ಮೇಲೆ ಮಾಸ್ತರು ನಾಲ್ಕನೇ ಗೇರಿನಲ್ಲೇ ಥ್ರಾಟಲ್ ಪೂರ್ತಿ ತಿರುಗಿಸಿದರು. ಗಾಡಿ ಏದುಸಿರು ಬಿಡುತ್ತಿತ್ತು. ಆಗ ಬಂತು. ತಗಡಿನ ಡಬ್ಬದಲ್ಲಿ ನಾಲ್ಕು ಚಾಲಿ ಅಡಿಕೆ ಹಾಕಿ ಅಲ್ಲಾಡಿಸಿದರೆ ಹೇಗೋ ಹಾಗೆ, ಕಟ ಕಟ ಕಟ. "ಮಾಸ್ತರೇ, ಈಗ ಮೂರನೇ ಗೇರು ಹಾಕಿ" ಅಂದೆ. ಹಾಕಿದರು. ಇಂಜಿನ್ನು ಜೋರಾಗಿ ತಿರುಗಿತು, ಡಬ್ಬ ಸುಮ್ಮನಾಯಿತು. "ಮತ್ತೆ ನಾಲ್ಕು." ಬಂತು. "ಮೂರು." ಹೋಯಿತು. ಹೀಗೆ ಐದು ಸಲ. ಘಟ್ಟದಲ್ಲಿ ನಮ್ಮ ಹಿಂದೆ ಬರುತ್ತಿದ್ದ ಲಾರಿಯವನು ಇವರಿಗೇನಾಗಿದೆ ಅಂದುಕೊಂಡಿರಬೇಕು.

ಇದು ನಾಕಿಂಗ್. ನಮ್ಮ ಗ್ಯಾರೇಜಿನ ಭಾಷೆಯಲ್ಲಿ "ಇಂಜಿನ್ ಕುಟ್ಟುವುದು". ಸಿಲಿಂಡರಿನೊಳಗೆ ಪೆಟ್ರೋಲ್ ಮತ್ತು ಗಾಳಿ ಒತ್ತಿಹೋಗಿರುತ್ತದೆ. ಪ್ಲಗ್ಗಿನ ಕಿಡಿ ಹೊತ್ತಿಸಿದ ಬೆಂಕಿ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಸಮನಾಗಿ ಹರಡಬೇಕು. ಒಳಗೆ ಕಾವು, ಒತ್ತಡ ಮಿತಿಮೀರಿದರೆ ಬೆಂಕಿ ಬರುವ ಮೊದಲೇ ಆ ಮೂಲೆಯಲ್ಲಿ ಉಳಿದದ್ದು ತಾನೇ ಒಮ್ಮೆಗೇ ಸಿಡಿಯುತ್ತದೆ. ಆ ಸಿಡಿತ ಲೋಹಕ್ಕೆ ಬಡಿದದ್ದೇ ಕಟ ಕಟ. ದೊಡ್ಡ ಗೇರಿನಲ್ಲಿ ನಿಧಾನವಾಗಿ ಏರು ಹತ್ತಿಸಿದರೆ ಇಂಜಿನ್ನು ನಿಧಾನ ತಿರುಗುತ್ತದೆ. ಒತ್ತಡ ಜಾಸ್ತಿ, ತಾನೇ ಸಿಡಿಯಲು ಸಮಯವೂ ಜಾಸ್ತಿ. ಗೇರು ಇಳಿಸಿದರೆ ಎರಡೂ ಕಡಿಮೆ.

ಮಳೆಯಲ್ಲಿ ಯಾಕೆ ಬರಲಿಲ್ಲ? ತಣ್ಣಗಿನ ತೇವದ ಗಾಳಿಯಲ್ಲಿ ಕುಟ್ಟುವುದು ಕಡಿಮೆ, ಅದು ನಿಜ. ಆದರೆ ಅದಕ್ಕಿಂತ ದೊಡ್ಡ ಕಾರಣ ಬೇರೆ. ಮಳೆಗೆ ಹೆದರಿ ಮಾಸ್ತರು ಅವತ್ತು ಮೂರನೇ ಗೇರಿನಲ್ಲೇ ಘಟ್ಟ ಹತ್ತಿದ್ದರು. ಕೇಳಿದಾಗ ಒಪ್ಪಿಕೊಂಡರು. ಬಿಸಿಲಿನಲ್ಲಿ ನಾಲ್ಕನೇ ಗೇರು ಯಾಕೆ? "ಪೆಟ್ರೋಲ್ ಉಳೀತದೆ ಅಂತ." ಉಳಿಯುವುದಿಲ್ಲ ಮಾಸ್ತರೇ. ಏದುಸಿರು ಬಿಡುವ ಇಂಜಿನ್ನಿಗೆ ಥ್ರಾಟಲ್ ಪೂರ್ತಿ ಕೊಟ್ಟು ಉಳಿಸುವುದೇನು ಬಂತು?

ನಾಲ್ಕು ತಿಂಗಳ ಹಿಂದೆ ಯಾಕೆ ಶುರುವಾಯಿತು, ಗೇರಿನ ಅಭ್ಯಾಸ ಹಳೆಯದಲ್ಲವೇ ಅಂತ ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ. ವಾರವಿಡೀ ಮೂರೇ ಕಿಲೋಮೀಟರು ಓಡುವ ಇಂಜಿನ್ನು ಸರಿಯಾಗಿ ಬಿಸಿಯಾಗುವ ಮೊದಲೇ ಆಫ್ ಆಗುತ್ತದೆ. ಅಂಥ ಇಂಜಿನ್ನಿನಲ್ಲಿ ಮಸಿ ಕಟ್ಟುತ್ತದೆ. ಈ ಬೈಕು ಹನ್ನೊಂದು ವರ್ಷ ಹಾಗೇ ಓಡಿದೆ. ಮಸಿ ಪಿಸ್ಟನ್ ತಲೆಯ ಮೇಲೆ ಪದರವಾಗಿ ಕೂತರೆ ಜಾಗ ಕಡಿಮೆಯಾಗಿ ಒತ್ತಡ ಏರುತ್ತದೆ, ಆ ಮಸಿಯೇ ಕೆಂಡದ ಹಾಗೆ ಕಾದಿರುತ್ತದೆ. ಹಾಗಾಗಿ ಮೊದಲು ನಡೆಯುತ್ತಿದ್ದ ಅಭ್ಯಾಸ ಈಗ ನಡೆಯುವುದಿಲ್ಲ. ಪೆಟ್ರೋಲಿಗೆ ಎಥೆನಾಲ್ ಸೇರಿಸುತ್ತಾರೆ, ಅದರಿಂದಲೇ ಕುಟ್ಟುತ್ತದೆ ಅಂತ ಕೆಲವರು ಹೇಳುವುದುಂಟು. ಎಥೆನಾಲಿನ ಮೇಲೆ ಬೇರೆ ದೂರು ಏನೇ ಇರಲಿ, ಇದೊಂದರಲ್ಲಿ ಅದು ನಿರಪರಾಧಿ. ಎಥೆನಾಲಿನ ಆಕ್ಟೇನ್ ಪೆಟ್ರೋಲಿಗಿಂತ ಜಾಸ್ತಿ, ತಾನಾಗಿ ಸಿಡಿಯುವುದನ್ನು ಅದು ತಡೆಯುತ್ತದೆ.

ಇಷ್ಟೆಲ್ಲ ಖಾತ್ರಿಯಾದ ಮೇಲೆ ಗಾಡಿಯನ್ನು ಶಿರಸಿಗೆ ತರಿಸಿದೆ. ಮೊದಲು ಹೊರಗಿನದು: ಪ್ಲಗ್ಗು, ಏರ್ ಫಿಲ್ಟರು, ಕಾರ್ಬುರೇಟರಿನಿಂದ ಇಂಜಿನ್ನಿಗೆ ಹೋಗುವ ರಬ್ಬರು. ಆ ರಬ್ಬರು ಒಡೆದಿದ್ದರೆ ಗಾಳಿ ಜಾಸ್ತಿ ಸೇರಿ ಇಂಜಿನ್ನು ಕಾಯುತ್ತದೆ, ಆಗಲೂ ಕುಟ್ಟುತ್ತದೆ. ಅದು ಸರಿ ಇತ್ತು. ಆಮೇಲೆ ಹೆಡ್ ಇಳಿಸಿದೆ. ಪಿಸ್ಟನ್ ತಲೆಯ ಮೇಲೆ ದೋಸೆ ಕಾವಲಿಯ ತಳಕ್ಕೆ ಹಿಡಿದಂಥ ಮಸಿ, ಉಗುರಿನಿಂದ ಕೆರೆದರೆ ಸಿಪ್ಪೆ ಸಿಪ್ಪೆಯಾಗಿ ಏಳುತ್ತಿತ್ತು. ಮರದ ಚೂಪು ಕಡ್ಡಿಯಿಂದ ತೆಗೆದೆ. ಸ್ಕ್ರೂ ಡ್ರೈವರ್ ಹಾಕಿ ಕೆರೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ, ಪಿಸ್ಟನ್ನು ಅಲ್ಯೂಮಿನಿಯಮ್ಮಿನದು, ಗೀರು ಬೀಳುತ್ತದೆ. ಸಿಲಿಂಡರ್ ಅಳೆದು ನೋಡಿದೆ. ಸವೆತ ಮಿತಿಯೊಳಗೇ ಇತ್ತು. ಹೊಗೆಯೂ ಇಲ್ಲ, ಆಯಿಲೂ ಕಡಿಮೆಯಾಗುತ್ತಿರಲಿಲ್ಲ. ಬೋರ್ ಮಾಡಿಸುವುದು ಬೇಡವೇ ಬೇಡ. ಹೊಸ ಗ್ಯಾಸ್ಕೆಟ್ ಹಾಕಿ ಮುಚ್ಚಿದೆ, ಇಂಜಿನ್ನು ತಣ್ಣಗಿರುವಾಗ ಟ್ಯಾಪೆಟ್ ಸೆಟ್ ಮಾಡಿದೆ.

ಇನ್ನು ಮನೆಯವರ ಭ್ರಮೆ. ಮಳೆ ದಿನ ಮಾಸ್ತರಿಗೆ ಕೇಳದ ಸದ್ದು ಹಿಂದೆ ಕೂತವರಿಗೆ ಕೇಳಿತ್ತು. ಅಂದರೆ ಅದು ಬೇರೆಯೇ ಸದ್ದು, ಹಿಂದಿನದು. ಮಾಸ್ತರ ತಲೆ ಹೆಲ್ಮೆಟ್ಟಿನಲ್ಲಿ, ಮುಂದೆ. ಅವರ ಮನೆಯವರಿಗೇ ಫೋನ್ ಕೊಡಿ ಅಂದೆ. ಅವರು ಹೇಳಿದ್ದು ಎಷ್ಟು ಸ್ಪಷ್ಟ ಅಂದರೆ, ಮೂವತ್ತು ವರ್ಷದಲ್ಲಿ ಹಾಗೆ ಹೇಳಿದ ಗಿರಾಕಿ ಕಡಿಮೆ: "ಎಡಗಾಲಿನ ಹತ್ರ, ಸಣ್ಣ ಬಳೆ ಸದ್ದು. ನಾನು ಕಾಲು ಒತ್ತಿ ಹಿಡಿದ್ರೆ ನಿಲ್ತದೆ. ಇವರಿಗೆ ನಾಲ್ಕು ತಿಂಗಳಿಂದ ಹೇಳ್ತಾ ಇದ್ದೇನೆ."

ಸಾರಿ ಗಾರ್ಡು. ಅದರ ಕೆಳಗಿನ ಕ್ಲ್ಯಾಂಪು ತುಕ್ಕು ತಿಂದು ಅರ್ಧ ಸೀಳಿತ್ತು. ಇಂಜಿನ್ನು ಒಂದು ನಿರ್ದಿಷ್ಟ ಓಟಕ್ಕೆ ಬಂದಾಗ ಮಾತ್ರ ಅದು ನಡುಗಿ ಗಿಲಿ ಗಿಲಿ ಅನ್ನುತ್ತಿತ್ತು. ಗಾಡಿ ಸ್ಟ್ಯಾಂಡಿನಲ್ಲಿ ನಿಲ್ಲಿಸಿ, ಒಂದು ಕೈಯಲ್ಲಿ ಮೆಲ್ಲಗೆ ರೇಸ್ ಕೊಡುತ್ತಾ ಇನ್ನೊಂದು ಕೈಯಲ್ಲಿ ಒಂದೊಂದೇ ತಗಡು ಹಿಡಿದು ನೋಡಿದರೆ ಸಿಕ್ಕಿಬಿಡುತ್ತದೆ: ಲೆಗ್ ಗಾರ್ಡು, ಹಾರ್ನಿನ ಬ್ರ್ಯಾಕೆಟ್ಟು, ನಂಬರ್ ಪ್ಲೇಟು, ಸೈಲೆನ್ಸರಿನ ಮೇಲಿನ ತಗಡು. ಸೈಲೆನ್ಸರ್ ಮುಟ್ಟುವಾಗ ದಪ್ಪ ಬಟ್ಟೆ ಇರಲಿ. ಹೊಸ ಕ್ಲ್ಯಾಂಪಿಗೆ ಮಾಸ್ತರು ಕೊಟ್ಟದ್ದು ಒಂದು ಊಟದ ದುಡ್ಡಿಗಿಂತ ಕಡಿಮೆ.

ಹೀಗೆ ಒಂದೇ ಗಾಡಿಯಲ್ಲಿ ಮೂರು ಸದ್ದು. ಗ್ಯಾರೇಜಿನವರು ಕೇಳಿದ್ದು ಒಂದು, ಮಾಸ್ತರು ಕೇಳಿದ್ದು ಇನ್ನೊಂದು, ಮನೆಯವರು ಕೇಳಿದ್ದು ಮತ್ತೊಂದು. ಎಲ್ಲರೂ ಅದನ್ನು "ಆ ಸದ್ದು" ಅಂತಲೇ ಕರೆಯುತ್ತಿದ್ದರು. ಮಾಸ್ತರೇ, ಘಟ್ಟದಲ್ಲಿ ಮೂರನೇ ಗೇರು ಮರೆಯಬೇಡಿ. ಮಸಿ ತೆಗೆದದ್ದಾಗಿದೆ ಅಂತ ಮತ್ತೆ ನಾಲ್ಕರಲ್ಲಿ ಎಳೆದರೆ, ಕುಟ್ಟಿ ಕುಟ್ಟಿ ಪಿಸ್ಟನ್ನಿಗೂ ಕ್ರ್ಯಾಂಕಿನ ಬೇರಿಂಗಿಗೂ ಪೆಟ್ಟು. ಆಗ ಆ ಮೂರನೆಯವರು ಹೇಳಿದ ಖರ್ಚು ನಿಜವಾಗುತ್ತದೆ.

ಪ್ರಶ್ನೆ: ಅಣ್ಣಾ, ನಾನು ಬೆಳಗಿನ ಜಾವ ನಾಲ್ಕೂವರೆಗೆ ಬೈತಖೋಲ ಬಂದರಿಗೆ ಮೀನಿಗೆ ಹೋಗುವವನು. ಸ್ಟಾರ್ಟ್ ಮಾಡಿದ ಕೂಡಲೇ ಇಂಜಿನ್ ಮುಂದುಗಡೆ ಪಟ್ ಪಟ್ ಅಂತ ಸದ್ದು. ಹತ್ತು ನಿಮಿಷ ಓಡಿಸಿದ ಮೇಲೆ ಇಲ್ಲ. ವಾಲ್ವ್ ಹೋಗಿದೆ ಅಂತ ಒಬ್ಬರು ಹೆದರಿಸಿದ್ದಾರೆ.
– ಕಾರವಾರ

ಉತ್ತರ: ಹೆದರಬೇಡ ತಮ್ಮಾ. ತಣ್ಣಗಿದ್ದಾಗ ಬಂದು ಬಿಸಿಯಾದ ಮೇಲೆ ಹೋಗುವ ಪಟ್ ಪಟ್, ಅದೂ ಮುಂದುಗಡೆ ಅಂದರೆ ನಾನು ಮೊದಲು ನೋಡುವುದು ಸೈಲೆನ್ಸರ್ ಪೈಪು ಇಂಜಿನ್ನಿಗೆ ಸೇರುವ ಜಾಗ. ಅಲ್ಲೊಂದು ಸಣ್ಣ ಉಂಗುರದಂಥ ಗ್ಯಾಸ್ಕೆಟ್ ಇರುತ್ತದೆ. ಅದು ಸುಟ್ಟು ಹೋಗಿದ್ದರೆ ಅಥವಾ ನಟ್ಟು ಸಡಿಲವಾಗಿದ್ದರೆ ಹೊಗೆ ಅಲ್ಲಿಂದಲೇ ಹೊರಗೆ ಹಾರುತ್ತದೆ. ಬಿಸಿಯಾದ ಮೇಲೆ ಲೋಹ ಹಿಗ್ಗಿ ಸಂದು ಮುಚ್ಚಿಕೊಳ್ಳುತ್ತದೆ, ಸದ್ದು ಹೋಗುತ್ತದೆ.

ಪರೀಕ್ಷೆ ಹೀಗೆ. ಇಂಜಿನ್ನು ಪೂರ್ತಿ ತಣ್ಣಗಿರುವಾಗ ಆ ಸಂದಿಗೆ ಸೋಪಿನ ನೀರು ಸವರು. ಸ್ಟಾರ್ಟ್ ಮಾಡಿದ ಮೊದಲ ಅರ್ಧ ನಿಮಿಷದಲ್ಲಿ ನೊರೆ ಗುಳ್ಳೆ ಎದ್ದರೆ ಅದೇ. ಸುತ್ತ ಕಪ್ಪು ಮಸಿ ಚಿಮ್ಮಿದ ಗುರುತೂ ಇರಬಹುದು. ಗ್ಯಾಸ್ಕೆಟ್ಟು ಹೆಚ್ಚು ಬೆಲೆಯದ್ದಲ್ಲ.

ಆದರೆ ಕೆಲಸ ಹುಷಾರಿನದ್ದು. ನಿನ್ನದು ಕಡಲ ದಡದ ಗಾಡಿ. ಉಪ್ಪು ಗಾಳಿಗೆ ಪೈಪನ್ನು ಹೆಡ್ಡಿಗೆ ಹಿಡಿದಿಡುವ ಎರಡು ಸ್ಟಡ್ಡುಗಳು (ತಲೆಯಿಲ್ಲದ ಬೋಲ್ಟುಗಳು) ತುಕ್ಕು ಹಿಡಿದು ನಟ್ಟಿನ ಜೊತೆ ಒಂದಾಗಿರುತ್ತವೆ. ಅವಸರದಲ್ಲಿ ಸ್ಪ್ಯಾನರ್ ಹಾಕಿ ತಿರುಗಿಸಿದರೆ ಸ್ಟಡ್ಡು ಮುರಿದು ತುಂಡು ಹೆಡ್ಡಿನೊಳಗೇ ಉಳಿಯುತ್ತದೆ. ಅದನ್ನು ತೆಗೆಯಲು ಲೇತಿನವರ ಹತ್ತಿರ ಹೋಗಬೇಕು. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಡು. ಬೆಳಿಗ್ಗೆ ಮೆಲ್ಲಗೆ ಸ್ವಲ್ಪ ಬಿಚ್ಚು, ಸ್ವಲ್ಪ ಬಿಗಿ ಮಾಡು, ಮತ್ತೆ ಬಿಚ್ಚು. ಹಾಗೆ ಆಡಿಸುತ್ತಾ ತೆಗೆಯಬೇಕು. ಕೈಗೆ ಗಟ್ಟಿ ಅನ್ನಿಸಿದರೆ ನಿಲ್ಲಿಸಿ ಮತ್ತೆ ಎಣ್ಣೆ.

ಇನ್ನೊಂದು. ಬಂದರಿನಿಂದ ಬಂದ ಮೇಲೆ ವಾರಕ್ಕೆ ಎರಡು ಸಲವಾದರೂ ಸಿಹಿನೀರಿನಲ್ಲಿ ಗಾಡಿ ತೊಳೆ. ಇಂಜಿನ್ನು ತಣಿದ ಮೇಲೆ ತೊಳೆ, ಬಿಸಿ ಇರುವಾಗಲ್ಲ. ಮೀನಿನ ಡಬ್ಬದಿಂದ ಸೋರುವ ಐಸ್ ನೀರೂ ಉಪ್ಪೇ. ಅದು ಹಿಂದಿನ ಚೈನಿನ ಮೇಲೆ, ಸೈಲೆನ್ಸರಿನ ಮೇಲೆ ಬೀಳದ ಹಾಗೆ ಡಬ್ಬ ಕಟ್ಟು. ಸೈಲೆನ್ಸರು ಒಳಗಿನಿಂದಲೂ ತುಕ್ಕು ಹಿಡಿಯುತ್ತದೆ. ಪೆಟ್ರೋಲು ಉರಿದಾಗ ನೀರಿನ ಆವಿ ಹುಟ್ಟುತ್ತದೆ, ಸಣ್ಣ ಓಡಾಟದಲ್ಲಿ ಅದು ಹೊರಗೆ ಹೋಗದೆ ಒಳಗೇ ನೀರಾಗಿ ನಿಲ್ಲುತ್ತದೆ. ಒಳಗಿನ ತಗಡು ಕಳಚಿದರೆ ಅದೂ ಒಂದು ಬಂದು ಹೋಗುವ ಸದ್ದು. ತಣ್ಣಗಿರುವಾಗ ಸೈಲೆನ್ಸರಿಗೆ ರಬ್ಬರು ಸುತ್ತಿಗೆಯಿಂದ ಮೆಲ್ಲಗೆ ತಟ್ಟು. ಒಳಗೆ ಕಲ್ಲು ಉರುಳಿದ ಹಾಗೆ ಕೇಳಿದರೆ ಗೊತ್ತಾಯಿತಲ್ಲ.

ಪ್ರಶ್ನೆ: ಬೈಕು ನ್ಯೂಟ್ರಲ್‌ನಲ್ಲಿ ನಿಂತಾಗ ಬಲಗಡೆ ಗರ ಗರ ಅನ್ನುತ್ತದೆ. ಕ್ಲಚ್ ಹಿಡಿದರೆ ನಿಲ್ಲುತ್ತದೆ. ಓಡುವಾಗ ಗೊತ್ತಾಗುವುದಿಲ್ಲ. ದಪ್ಪನೆಯ ಆಯಿಲ್ ಹಾಕಿಸಿದರೆ ಹೋಗುತ್ತದಂತೆ, ಹೌದೇ?
– ಸಿದ್ದಾಪುರ

ಉತ್ತರ: ಕ್ಲಚ್ ಹಿಡಿದಾಗ ನಿಲ್ಲುತ್ತದೆ ಅಂತ ನೀವೇ ಅರ್ಧ ಉತ್ತರ ಬರೆದಿದ್ದೀರಿ. ಕ್ಲಚ್ ಪ್ಲೇಟು ಕೂರುವ ಹೌಸಿಂಗ್ ಸವೆದು ಸಡಿಲವಾಗಿರಬಹುದು, ಇಲ್ಲವೇ ಗೇರ್ ಬಾಕ್ಸಿನ ಬೇರಿಂಗು. ಸ್ವಲ್ಪ ಗರ ಗರ ಇದ್ದರೆ ಅವಸರವಿಲ್ಲ, ಕ್ಲಚ್ ಪ್ಲೇಟು ಬದಲಾಯಿಸುವ ದಿನ ಒಟ್ಟಿಗೇ ನೋಡಿಸಿ. ಓಡುವಾಗಲೂ ಕೇಳಲು ಶುರುವಾದರೆ ಅಥವಾ ಗೇರು ಜಾರಿದರೆ ಕಾಯಬೇಡಿ.

ದಪ್ಪನೆಯ ಆಯಿಲ್ ಬೇಡ. ಅದು ಸದ್ದಿನ ಬಾಯಿ ಮುಚ್ಚಿಸುತ್ತದೆ, ಸವೆತ ನಿಲ್ಲಿಸುವುದಿಲ್ಲ. ಬೆಳಗಿನ ಚಳಿಯಲ್ಲಿ ಅದು ಹೆಡ್ಡಿನವರೆಗೆ ಹತ್ತಲು ಹೊತ್ತು ಹಿಡಿಯುತ್ತದೆ, ಹೊಸ ಸದ್ದು ಶುರುವಾಗುತ್ತದೆ. ನಿಮ್ಮ ಗಾಡಿಯ ಪುಸ್ತಕದಲ್ಲಿ ಆಯಿಲಿನ ದಪ್ಪ 10ಡಬ್ಲ್ಯು-30 ಅಂತಿದ್ದರೆ ಅದನ್ನೇ ಹಾಕಿಸಿ. ಬೇಕಾದದ್ದು ಆಯಿಲಿನ ಮಟ್ಟ ನೋಡುವುದು. ಗಾಡಿ ನೆಟ್ಟಗೆ ಮೇನ್ ಸ್ಟ್ಯಾಂಡಿನಲ್ಲಿರಲಿ, ಸೈಡ್ ಸ್ಟ್ಯಾಂಡಿನಲ್ಲಿ ನೋಡಿದರೆ ಲೆಕ್ಕ ತಪ್ಪುತ್ತದೆ. ಆಯಿಲ್ ಅಳೆಯುವ ಕಡ್ಡಿಯನ್ನು ತಿರುಗಿಸಿ ನೋಡಬೇಕೋ ಸುಮ್ನೆ ಇಳಿಸಿ ನೋಡಬೇಕೋ ಅನ್ನುವುದು ಕಂಪನಿಯಿಂದ ಕಂಪನಿಗೆ ಬೇರೆ, ಅದೂ ಪುಸ್ತಕದಲ್ಲೇ ಇದೆ.

ಪ್ರಶ್ನೆ: ನಮ್ಮ ಬೈಕಿನ ಸದ್ದನ್ನು ವಾಟ್ಸಾಪ್‌ನಲ್ಲಿ ರೆಕಾರ್ಡ್ ಮಾಡಿ ಕಳಿಸಿದರೆ ಕೇಳಿ ಹೇಳುತ್ತೀರಾ?
– ಅಂಕೋಲಾ

ಉತ್ತರ: ಇಲ್ಲ. ಫೋನು ಮನುಷ್ಯರ ಮಾತಿಗೆ ಮಾಡಿದ್ದು. ಒಂದೇ ಸಮನೆ ಬರುವ ಸದ್ದನ್ನು ಅದು ಬೇಡದ ಗದ್ದಲ ಅಂತ ತಿಳಿದು ತಗ್ಗಿಸುತ್ತದೆ. ಇಂಜಿನ್ನಿನ ಹತ್ತಿರ ಹಿಡಿದರೆ ಸದ್ದು ಒಡೆದು ಎಲ್ಲವೂ ದಡ ದಡ ಅಂತಲೇ ಕೇಳುತ್ತದೆ. ಹೀಗೆ ಬಂದ ರೆಕಾರ್ಡು ಕೇಳಿ ನಾನು ಒಮ್ಮೆ ಕ್ರ್ಯಾಂಕು ಹೋಗಿದೆ ಅಂದಿದ್ದೆ, ಗಾಡಿ ಬಂದಾಗ ನೋಡಿದರೆ ಏನೂ ಆಗಿರಲಿಲ್ಲ.

ಮನೆಯಲ್ಲೇ ಹತ್ತಿರದಿಂದ ಕೇಳಬೇಕೆಂದರೆ ಉದ್ದನೆಯ ಸ್ಕ್ರೂ ಡ್ರೈವರ್ ತೆಗೆದುಕೊಳ್ಳಿ. ತುದಿಯನ್ನು ಇಂಜಿನ್ನಿನ ಗಟ್ಟಿ ಭಾಗಕ್ಕೆ ಒತ್ತಿ, ಹಿಡಿಕೆಯನ್ನು ಕಿವಿಯ ಹಿಂದಿನ ಎಲುಬಿಗೆ ಇಟ್ಟುಕೊಳ್ಳಿ. ಮೊದಲು ಹೆಡ್ಡು, ಆಮೇಲೆ ಸಿಲಿಂಡರಿನ ಪಕ್ಕ, ಆಮೇಲೆ ಕೆಳಗಿನ ಕವರು. ಎಲ್ಲಿ ಜೋರೋ ಅಲ್ಲಿ. ಕೂದಲು, ಶಾಲು, ಲುಂಗಿ ತಿರುಗುವ ಭಾಗದಿಂದ ದೂರ ಇರಲಿ. ಸೈಲೆನ್ಸರಿಗೆ ಮುಖ ತಾಗದ ಹಾಗೆ ನೋಡಿಕೊಳ್ಳಿ. ಮನೆಯ ಒಳಗೆ, ಬಾಗಿಲು ಮುಚ್ಚಿದ ಕೊಟ್ಟಿಗೆಯಲ್ಲಿ ಮಾಡಬೇಡಿ. ಹೊಗೆ ಜೀವ ತೆಗೆಯುತ್ತದೆ.

ನನಗೆ ಕಳಿಸುವುದಾದರೆ ಒಂದು ಪೋಸ್ಟ್ ಕಾರ್ಡು ಸಾಕು. ಎಷ್ಟು ಕಿಲೋಮೀಟರು ಓಡಿದೆ, ಆಯಿಲ್ ಯಾವಾಗ ಹಾಕಿಸಿದ್ದು, ಸದ್ದು ಯಾವಾಗ ಬರುತ್ತದೆ, ಯಾವಾಗ ಬರುವುದಿಲ್ಲ. ಹಿಂದೆ ಕೂರುವವರಿಗೆ ಏನು ಕೇಳುತ್ತದೆ ಅಂತ ಅವರ ಕೈಯಲ್ಲೇ ಎರಡು ಸಾಲು ಬರೆಸಿ.